ಜೆಟ್ಟಿಯ ಕಸ ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಕುಂದಾಪುರದಿಂದ ಉತ್ತರಕ್ಕಿರುವ ಒಂದು ಸಣ್ಣ ಕಡಲೂರು ನಮ್ಮದು. ಕಸ ಇಲ್ಲದ ಊರು ಮಾಡಬೇಕೆಂದು ಪಂಚಾಯತ್, ಸ್ವಸಹಾಯ ಸಂಘದ ಹೆಂಗಸರು, ಊರಿನ ಒಂದಿಷ್ಟು ಜನ ಸೇರಿ ಕೆಲವು ವರ್ಷಗಳಿಂದ ಹೆಣಗುತ್ತಿದ್ದೇವೆ. ಅರ್ಧ ದಾರಿ ಬಂದಿದ್ದೇವೆ. ಉಳಿದರ್ಧ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹೇಳಲು ಈ ಪತ್ರ.

ಹಸಿ ಕಸ ನಮಗೆ ಯಾವತ್ತೂ ದೊಡ್ಡ ತಲೆನೋವಾಗಿರಲಿಲ್ಲ. ಅಕ್ಕಚ್ಚು ದನಕ್ಕೆ, ಮೀನಿನ ತಲೆ, ಕರುಳು ತೆಂಗಿನ ಬುಡಕ್ಕೆ. ಅದಕ್ಕೂ ಮೊದಲು ಬೆಕ್ಕಿನ ಪಾಲು ಬೆಕ್ಕಿಗೆ. ತೊಂದರೆ ಇದ್ದದ್ದು ಒಣ ಕಸದ್ದು. ಅದನ್ನೆಲ್ಲ ಬಚ್ಚಲ ಒಲೆಗೆ ಹಾಕುತ್ತಿದ್ದೆವು. ನಾನೂ ಹಾಕಿದವನೇ. ಹಾಲಿನ ತೊಟ್ಟೆಗೆ ಬೇಗ ಬೆಂಕಿ ಹಿಡಿಯುತ್ತದೆ ಎಂದು ಮಳೆಗಾಲಕ್ಕೆ ಜೋಪಾನವಾಗಿ ಎತ್ತಿಡುತ್ತಿದ್ದೆ! ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು ಅನ್ನುವುದು ಪೇಪರಿನಲ್ಲಿ ಓದಿ ಗೊತ್ತಿತ್ತು. ನಮ್ಮ ಮೀನು ಪೇಟೆಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ, ಆ ಮಾತು ಬೇರೆ.

ಬದಲಾವಣೆ ಬಂದದ್ದು ಪಂಚಾಯತಿನ ಕಸದ ಗಾಡಿ ಬರಲು ಶುರುವಾದ ಮೇಲೆ. ನಮ್ಮ ಕಡೆ ವಂಡ್ಸೆ ಪಂಚಾಯತಿನವರು ಕಸ ವಿಂಗಡಿಸುವ ಎಸ್‌ಎಲ್‌ಆರ್‌ಎಂ ಘಟಕ ಮಾಡಿ ತೋರಿಸಿದ್ದರು. ಆ ಹೆಸರನ್ನು ಬಿಡಿಸಿ ನೋಡಿದರೆ 'ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ'. ಅದರಲ್ಲಿ ಕಸ ಎಂಬ ಮಾತೇ ಇಲ್ಲ, ಸಂಪನ್ಮೂಲ ಅಂತ ಇದೆ. ಆಮೇಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ದೊಡ್ಡ ಘಟಕವೂ ಬಂತು. ನಮ್ಮ ಊರಲ್ಲಿ ಗಾಡಿ ಓಡಿಸುವವರೂ ಹೆಂಗಸರೇ, ವಿಂಗಡಿಸುವವರೂ ಹೆಂಗಸರೇ. ಬಾಟಲಿ, ರಟ್ಟು, ಕಬ್ಬಿಣಕ್ಕೆ ಗುಜರಿಯಲ್ಲಿ ಬೆಲೆ ಇದೆ. ಚಿಪ್ಸ್ ಪ್ಯಾಕೆಟ್ ಯಾರಿಗೂ ಬೇಡ. ಅದರೊಳಗಿನ ಬೆಳ್ಳಿ ಬಣ್ಣದ ಪದರವನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಲು ಆಗುವುದಿಲ್ಲ. ಮಕ್ಕಳ ಡೈಪರ್ ವಿಚಾರವಂತೂ ಕೇಳಲೇಬೇಡಿ. ಆದರೂ ಮನೆಮನೆಯ ಕಸ ಒಂದು ಹದಕ್ಕೆ ಬಂದಿದೆ. ಗಾಡಿ ಹೇಳಿದ ದಿನ ಬಂದರೆ ಜನ ವಿಂಗಡಿಸಿಯೇ ಕೊಡುತ್ತಾರೆ. ಎರಡು ಸಲ ತಪ್ಪಿಸಿದರೆ ಮತ್ತೆ ಬಚ್ಚಲ ಒಲೆ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇದನ್ನೇ.

ಈಗ ಅಸಲು ವಿಷಯ. ನಮ್ಮ ಲೆಕ್ಕವೆಲ್ಲ ಮನೆ ಬಾಗಿಲಿಗೆ ನಿಲ್ಲುತ್ತದೆ. ಕಡಲೂರಿನ ಅರ್ಧ ಬದುಕು ಇರುವುದು ದಡದಲ್ಲಿ, ಬೋಟು ಕಟ್ಟುವ ಜೆಟ್ಟಿಯಲ್ಲಿ, ಬೋಟಿನಲ್ಲಿ. ಅಲ್ಲಿನ ಕಸ ಯಾರ ಪುಸ್ತಕದಲ್ಲೂ ಇಲ್ಲ. ಜೆಟ್ಟಿ ಪಂಚಾಯತಿನದ್ದಲ್ಲ, ಮೀನುಗಾರಿಕೆ ಇಲಾಖೆಯದ್ದು. ಇಲಾಖೆಯನ್ನು ಕೇಳಿದರೆ ಕಸ ತೆಗೆಯುವುದು ಸ್ಥಳೀಯ ಸಂಸ್ಥೆಯ ಕೆಲಸ ಎನ್ನುತ್ತಾರೆ. ಎರಡರ ನಡುವೆ ಹರಿದ ಬಲೆ, ಒಡೆದ ಥರ್ಮಾಕೋಲ್ ಪೆಟ್ಟಿಗೆ, ಆಯಿಲ್ ಕ್ಯಾನ್ ಬಿದ್ದುಕೊಂಡಿರುತ್ತವೆ. ಒಮ್ಮೆ ನಾವು ಹತ್ತಾರು ಜನ ಸೇರಿ ದಡದ ಬಲೆ ಚೂರುಗಳನ್ನು ಗೋಣಿಗೆ ತುಂಬಿ ಗಾಡಿಗೆ ಕೊಡಲು ಹೋದೆವು. ಗಾಡಿಯ ಹೆಂಗಸು ನೋಡಿ, "ಇದನ್ನ್ ತಕಂಡ್ ಹೋಯಿ ನಾವ್ ಎಂತ ಮಾಡುದ್ ಮಾರಾಯ್ರೆ?" ಎಂದರು. ಅವರದ್ದೇನೂ ತಪ್ಪಿಲ್ಲ. ಮರಳು, ಉಪ್ಪು ಮೆತ್ತಿದ ಬಲೆಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಥರ್ಮಾಕೋಲ್ ಅಂತೂ ಗಾಡಿ ತುಂಬುತ್ತದೆ, ತಕ್ಕಡಿಯಲ್ಲಿ ತೂಗುವುದಿಲ್ಲ.

ಬೋಟಿನವರು ಬೇಜವಾಬ್ದಾರಿಗಳು ಅಂತ ಸುಮ್ನೆ ಹೇಳುವುದು ಸುಲಭ. ನಮ್ಮ ಭಾವ ಟ್ರಾಲ್‌ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಬಲೆ ಎಳೆದಾಗ ಮೀನಿನ ಜೊತೆ ಬಾಟಲಿ, ತೊಟ್ಟೆ, ಹಳೇ ಹಗ್ಗ ಬರುತ್ತವಂತೆ. ಆರಿಸಿ ವಾಪಸ್ ಕಡಲಿಗೇ ಎಸೆಯುತ್ತಾರೆ. ಯಾಕೆ ಭಾವ ಎಂದು ಕೇಳಿದೆ. "ತಂದ್ ಎಲ್ಲ್ ಹಾಕುದ್? ನಿಮ್ಮನಿ ಅಂಗ್ಳದಗಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಡಲಿಗೆ ಬೀಳುವ ಕಸವೆಲ್ಲ ನಮ್ಮದೇ ಅಂತಲೂ ಅಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಘಟ್ಟದಿಂದ ಇಳಿದು ಗಂಗೊಳ್ಳಿಯಲ್ಲೇ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಮೇಲಿನ ಊರುಗಳ ಕಸವೂ ಅವುಗಳ ಜೊತೆ ಬರುತ್ತದೆ. ಮರವಂತೆಯಲ್ಲಿ ಒಂದು ಬದಿ ನದಿ, ಇನ್ನೊಂದು ಬದಿ ಕಡಲು, ನಡುವೆ ಹೆದ್ದಾರಿ. ಕಾರು ನಿಲ್ಲಿಸಿ ಫೋಟೋ ತೆಗೆದವರು ಎಸೆದದ್ದು ಯಾವ ಕಡೆ ಬಿದ್ದರೂ ಕೊನೆಗೆ ನಮ್ಮ ಬಲೆಗೇ. ಆಷಾಢದಲ್ಲಿ ಕಡಲು ಜೋರಾದಾಗ ಅದೆಲ್ಲ ಮತ್ತೆ ದಡಕ್ಕೆ ಬರುತ್ತದೆ.

ಇದಕ್ಕೆ ದಾರಿ ಇಲ್ಲವೇ? ಕೇರಳದ ಕೊಲ್ಲಂ ಹತ್ತಿರದ ನೀಂಡಕರ ಬಂದರಿನವರು 2017ರಲ್ಲೇ ಒಂದು ದಾರಿ ಹಿಡಿದರು. ಶುಚಿತ್ವ ಸಾಗರಂ ಅಂತ ಅದರ ಹೆಸರು. ಬೋಟಿನವರಿಗೆ ಚೀಲ ಕೊಟ್ಟರು. ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಅದರಲ್ಲಿ ತುಂಬಿ ತಂದರೆ ಆಯಿತು. ಬಂದರಿನಲ್ಲೇ ಹೆಂಗಸರು ಅದನ್ನು ತೊಳೆದು, ವಿಂಗಡಿಸಿ, ಯಂತ್ರಕ್ಕೆ ಹಾಕಿ ಚೂರು ಮಾಡುತ್ತಿದ್ದರು. ಚೂರು ರಸ್ತೆಯ ಡಾಂಬರಿಗೆ ಹೋಯಿತು. ಮೊದಲ 10 ತಿಂಗಳಲ್ಲೇ ಸುಮಾರು 25 ಟನ್ ಕಸ ಕಡಲಿನಿಂದ ಮೇಲೆ ಬಂತು. ರಸ್ತೆಗೆ ಹಾಕಿದರೆ ಪ್ಲಾಸ್ಟಿಕ್ ಕಥೆ ಮುಗಿಯಿತು ಎಂದು ನಾನು ನಂಬುವವನಲ್ಲ. ಆದರೆ ಅಲ್ಲಿಯ ತಾಂಡೇಲರಿಗೆ 'ಎಲ್ಲಿ ಹಾಕುವುದು' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ. ಮೀನುಗಾರರು, ಇಲಾಖೆಗಳು ಒಟ್ಟಿಗೆ ಕೂತದ್ದರಿಂದ ಆದ ಕೆಲಸ ಅದು.

ನಮ್ಮ ಬೇಡಿಕೆ ಅಷ್ಟು ದೊಡ್ಡದೂ ಅಲ್ಲ. ಜೆಟ್ಟಿಯ ಮೂಲೆಯಲ್ಲಿ ಒಂದು ಶೆಡ್, ಬಲೆ ತೊಳೆಯಲು ನೀರು, ಒಂದು ತಕ್ಕಡಿ. ಪಂಚಾಯತಿನ ಗಾಡಿ ಜೆಟ್ಟಿಯೊಳಗೂ ಬರಬಹುದು ಎಂದು ಇಲಾಖೆಯಿಂದ ಒಂದು ಕಾಗದ. ಅದರ ಖರ್ಚಿಗೆ ಮೀನು ಮಾರಾಟ ಸಂಘದವರೂ ಸ್ವಲ್ಪ ಕೈ ಹಾಕಬೇಕು. ವರ್ಷವಿಡೀ ಕಡಲನ್ನು ನಂಬಿ ವ್ಯಾಪಾರ ಮಾಡುವವರು ಅಷ್ಟೂ ಕೊಡದಿದ್ದರೆ ಹೇಗೆ, ಅಲ್ವಾ? ಗಾಡಿಯ ಹೆಂಗಸರ ಮೇಲೆ ಇದನ್ನೂ ಹೇರುವುದಾದರೆ ಅವರ ಸಂಬಳವೂ ಏರಬೇಕು.

ಶುರು ಮಾಡಲು ಜೂನ್ ತಿಂಗಳೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಯಾಂತ್ರಿಕ ಬೋಟುಗಳು ದಡದಲ್ಲೇ ಇರುತ್ತವೆ. ಬಲೆ ರಿಪೇರಿ ನಡೆಯುವುದು ಆಗಲೇ. ಕತ್ತರಿಸಿ ಬಿಟ್ಟ ನೈಲಾನ್ ಚೂರು ಜಾಸ್ತಿ ಬೀಳುವುದೂ ಆಗಲೇ. ಬಲೆ ಹೆಣೆಯುವ ಜಾಗದ ಪಕ್ಕದಲ್ಲಿ ನಾಲ್ಕು ಗೋಣಿ ಇಟ್ಟರೂ ಚೂರು ಮರಳಿಗೆ ಬೀಳುವುದಿಲ್ಲ. ಗೋಣಿ ನಾವೇ ಇಡುತ್ತೇವೆ. ಅದನ್ನು ಯಾರು ಎತ್ತಿಕೊಂಡು ಹೋಗುತ್ತಾರೆ ಎಂದು ಪಂಚಾಯತ್ ಮತ್ತು ಇಲಾಖೆಯವರು ಒಂದು ದಿನ ಜೆಟ್ಟಿಯಲ್ಲೇ ಕೂತು ತೀರ್ಮಾನಿಸಲಿ. ಭಾವನನ್ನೂ ಕರೆತರುತ್ತೇನೆ.

ಇಂತಿ,
ಕಡಲ ಕರೆಯ ಒಬ್ಬ ಓದುಗ
ಉಡುಪಿ ಜಿಲ್ಲೆ