ಉದ್ದ ನಳಿಕೆ ಅಂದ್ರೆ ಜಾಸ್ತಿ ಪವರ್ ಅಂತಲ್ಲ ಸರ್

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣೀಲಿ ಗ್ಲಾಕ್ 34 ಪಿಸ್ತೂಲಿನ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ವು, ಆದ್ರೆ ಬರೆದದ್ದರಲ್ಲಿ ಮುಖ್ಯವಾದ ವಿಷಯಾನೇ ತಲೆಕೆಳಗಾಗಿದೆ. ನಳಿಕೆ ಉದ್ದ ಇರೋದ್ರಿಂದ ಮಾಮೂಲಿ ಗ್ಲಾಕ್‌ಗಿಂತ ಎರಡು ಪಟ್ಟು ಶಕ್ತಿ ಅಂತೆ, ಪ್ಲಾಸ್ಟಿಕ್ ಆದ್ದರಿಂದ ಏರ್‌ಪೋರ್ಟ್ ಸ್ಕ್ಯಾನರ್‌ಗೂ ಸಿಗಲ್ವಂತೆ. ಎರಡೂ ಸುಳ್ಳು, ಅದಕ್ಕೇ ಈ ಪತ್ರ.

ಮೊದ್ಲು ನಳಿಕೆ ವಿಷಯ. ಆಸ್ಟ್ರಿಯಾ ಸೈನ್ಯ 1982ರಲ್ಲಿ ಒಪ್ಪಿಕೊಂಡ ಮಾಮೂಲಿ ಗ್ಲಾಕ್, ಅಂದ್ರೆ ಗ್ಲಾಕ್ 17ಕ್ಕೆ 114 ಮಿ.ಮೀ. ನಳಿಕೆ, 34ಕ್ಕೆ 135 ಮಿ.ಮೀ., ಅಂದ್ರೆ ವ್ಯತ್ಯಾಸ ಬರೀ 21 ಮಿ.ಮೀ. ಎರಡಕ್ಕೂ ಹಾಕೋದು ಅದೇ 9 ಎಂ.ಎಂ. ತೋಟಾ, ಮ್ಯಾಗಜಿನ್‌ನಲ್ಲಿ ಹಿಡಿಯೋದೂ ಅದೇ 17. ಇಷ್ಟು ಉದ್ದಕ್ಕೆ ಗುಂಡಿನ ವೇಗ ಸ್ವಲ್ಪ ಏರುತ್ತೆ ನಿಜ, ಆದ್ರೆ ಎರಡು ಪಟ್ಟು ಅನ್ನೋ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ.

ನಿಜವಾದ ಲಾಭ ಇರೋದು ಗುರಿ ಹಿಡಿಯೋದ್ರಲ್ಲಿ. ನಳಿಕೆ ಜೊತೆ ಸ್ಲೈಡೂ (ಪ್ರತಿ ಗುಂಡಿಗೂ ಹಿಂದೆ ಮುಂದೆ ಜಾರೋ ಮೇಲಿನ ಉಕ್ಕಿನ ಭಾಗ) ಉದ್ದ ಆದಾಗ ಅದರ ಮೇಲೆ ಗುರಿ ನೋಡೋಕೆ ಇರೋ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವಿನ ಅಂತರ ಜಾಸ್ತಿ ಆಗುತ್ತೆ, 17ರಲ್ಲಿ ಸುಮಾರು 165 ಮಿ.ಮೀ. ಇದ್ದದ್ದು 34ರಲ್ಲಿ 192. ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಆಚೆ ಸರಿದ್ರೆ 25 ಮೀಟರ್ ದೂರದಲ್ಲಿ 17ರ ಗುಂಡು ಹದಿನೈದು ಸೆಂ.ಮೀ. ಪಕ್ಕಕ್ಕೆ ಹೋಗುತ್ತೆ, 34ರದ್ದು ಹದಿಮೂರು. ಪೇಪರ್ ಮೇಲೆ ಲೆಕ್ಕ ಹಾಕಿದ್ರೆ ಯಾರಿಗಾದ್ರೂ ಬರುತ್ತೆ. ಎರಡು ಸೆಂ.ಮೀ. ಏನ್ ಮಹಾ ಅನ್ನಬಹುದು, ಆದ್ರೆ ಸ್ಪರ್ಧೇಲಿ ಸೋಲು ಗೆಲುವು ಅಷ್ಟರಲ್ಲೇ ಇರುತ್ತೆ. ನಮ್ಮ ಕೊಡಗಲ್ಲಿ ಕೈಲ್‌ಪೊಳ್ದ್ ಹಬ್ಬದ ಟೈಮಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋರನ್ನ ಕೇಳಿ ನೋಡಿ, ಉದ್ದದ ಕೋವೀಲಿ ಗುರಿ ಯಾಕೆ ಸುಲಭ ಅಂತ ಅವರೇ ಹೇಳ್ತಾರೆ.

ಇದು ಹುಟ್ಟಿದ್ದೂ ಸ್ಪರ್ಧೆಗೇ. 1988ರಲ್ಲೇ 17ಎಲ್ ಅಂತ 153 ಮಿ.ಮೀ. ನಳಿಕೆಯ ಮಾಡೆಲ್ ಬಂದಿತ್ತು, ಆದ್ರೆ ಅಮೆರಿಕದ ಕೆಲವು ಸ್ಪರ್ಧೆಗಳಲ್ಲಿ ಪಿಸ್ತೂಲು ಒಂದು ನಿಗದಿತ ಅಳತೆಯ ಡಬ್ಬಿ ಒಳಗೆ ಕೂರಬೇಕು ಅನ್ನೋ ರೂಲ್ ಇದೆ, 17ಎಲ್ ಅದ್ರಲ್ಲಿ ಹಿಡಿಸಲ್ಲ, ಅದಕ್ಕೇ ಸ್ವಲ್ಪ ಗಿಡ್ಡ ಮಾಡಿ 1998ರಲ್ಲಿ 34 ತಂದ್ರು. ಸ್ಲೈಡಿನ ಮೇಲ್ಭಾಗದಲ್ಲಿ ಮುಂದೆ ಒಂದು ಕಿಂಡಿ ಕೊರೆದಿದ್ದಾರಲ್ಲ, ನಿಮ್ಮ ಲೇಖನದಲ್ಲಿ ಅದನ್ನ ಬಿಸಿ ಗಾಳಿ ಹೋಗೋಕೆ ಅಂದಿದ್ದಾರೆ. ಅಲ್ಲ ಸರ್, ಅದು ತೂಕ ಇಳಿಸೋಕೆ. ಸ್ಲೈಡ್ ಭಾರ ಆದ್ರೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡೋದು ನಿಧಾನ ಆಗುತ್ತೆ, ಕೈಯಲ್ಲಿ ಹಿಡಿದಾಗ ಮೂತಿಯೂ ಕೆಳಗೆ ಎಳೆಯುತ್ತೆ. ಆ ಜಾಗದ ಉಕ್ಕು ತೆಗೆದದ್ದರಿಂದ ಉದ್ದ ಜಾಸ್ತಿ ಇದ್ರೂ ಸ್ಲೈಡಿನ ತೂಕ ಹತೋಟೀಲಿ ಉಳಿಯಿತು. ನನಗೆ ಇಡೀ ಪಿಸ್ತೂಲಲ್ಲಿ ಬಹಳ ಇಷ್ಟ ಆಗೋ ಕೆಲಸ ಅದು. ಜೊತೆಗೆ ಟ್ರಿಗರ್ ಸ್ವಲ್ಪ ಹಗುರ, ಮ್ಯಾಗಜಿನ್ ಬೀಳಿಸೋ ಬಟನ್ ಸ್ವಲ್ಪ ಉದ್ದ, ಎಲ್ಲಾ ಬೇಗ ಬೇಗ ಹೊಡೆಯೋ ಸ್ಪರ್ಧಿಗಳಿಗಾಗಿ.

ಪ್ಲಾಸ್ಟಿಕ್ ಕಥೆ ಅಂತೂ 1980ರ ದಶಕದಿಂದ ಓಡಾಡ್ತಾ ಇದೆ. ಪಾಲಿಮರ್, ಅಂದ್ರೆ ಗಟ್ಟಿ ಪ್ಲಾಸ್ಟಿಕ್, ಇರೋದು ಮುಖ್ಯವಾಗಿ ಹಿಡಿಕೆ ಇರೋ ಫ್ರೇಮಲ್ಲಿ, ಅದರೊಳಗೂ ಸ್ಲೈಡ್ ಜಾರೋ ಕಡೆ ಉಕ್ಕಿನ ಹಳಿ ಕೂರಿಸಿದ್ದಾರೆ. ನಳಿಕೆ ಉಕ್ಕು, ಸ್ಲೈಡ್ ಉಕ್ಕು, ಸ್ಪ್ರಿಂಗ್ ಉಕ್ಕು. ಅರ್ಧ ಕೆ.ಜಿ. ಹತ್ತಿರ ಲೋಹ ಇರೋ ವಸ್ತು ಸ್ಕ್ಯಾನರ್‌ಗೆ ಸಿಗದೆ ಎಲ್ಲಿ ಹೋಗುತ್ತೆ? ಪಾಲಿಮರ್ ಫ್ರೇಮ್ ಮೊದಲು ಮಾಡಿದ್ದು ಗ್ಲಾಕ್ ಅನ್ನೋದೂ ಸರಿ ಇಲ್ಲ, ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿಯ ವಿಪಿ70 ಅದಕ್ಕೂ ಹತ್ತು ವರ್ಷಕ್ಕಿಂತ ಮುಂಚೇನೇ ಬಂದಿತ್ತು.

"ಸೇಫ್ಟಿನೇ ಇಲ್ಲದ ಆಟೋಮ್ಯಾಟಿಕ್" ಅಂತ ಹೆಡ್ಡಿಂಗ್ ಬೇರೆ. ಇದು ಸೆಮಿ ಆಟೋಮ್ಯಾಟಿಕ್, ಒಂದು ಸಲ ಟ್ರಿಗರ್ ಎಳೆದ್ರೆ ಒಂದೇ ಗುಂಡು. ಹೆಬ್ಬೆರಳಿಂದ ಒತ್ತೋ ಸೇಫ್ಟಿ ಇಲ್ಲ ಅಷ್ಟೇ, ಒಳಗೆ ಮೂರು ಸೇಫ್ಟಿ ಇವೆ: ಟ್ರಿಗರ್ ಮೇಲಿನ ಪುಟ್ಟ ಪಟ್ಟಿ, ತೋಟಾಗೆ ಬಡಿಯೋ ಫೈರಿಂಗ್ ಪಿನ್ ತಡೆಯೋದು, ಕೆಳಗೆ ಬಿದ್ರೂ ಗುಂಡು ಹಾರದ ಹಾಗೆ ತಡೆಯೋದು. ಬೆರಳು ಟ್ರಿಗರ್ ಎಳೆಯುವಾಗ ಒಂದೊಂದಾಗಿ ಬಿಡ್ತವೆ, ಬೆರಳು ತೆಗೆದ್ರೆ ತಾವೇ ಮತ್ತೆ ಕೂರ್ತವೆ. ಆದ್ರೆ ಇದರ ಅರ್ಥ ಬೆರಳು ಎಲ್ಲಿದೆ ಅನ್ನೋದೇ ಎಲ್ಲಾ, ಹೊಡೆಯೋವರೆಗೂ ಟ್ರಿಗರ್ ಮೇಲೆ ಬೆರಳು ಇಡಬಾರದು. ಇಂಥ ಲೇಖನದಲ್ಲಿ ಇದನ್ನ ಬರೆಯದೆ ಬಿಡೋದು ದೊಡ್ಡ ತಪ್ಪು.

ಇನ್ನೊಂದು, ನನಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಕೊನೆಯ ಪ್ಯಾರಾ. "ಆಸಕ್ತರು ಖರೀದಿಸಬಹುದು" ಅಂತ ಅಮೆರಿಕದ ರೇಟನ್ನ ರೂಪಾಯಿಗೆ ಬದಲಾಯಿಸಿ ಹಾಕಿದ್ದಾರೆ. ನಮ್ಮ ದೇಶದಲ್ಲಿ ಈ 9 ಎಂ.ಎಂ. ನಿಷೇಧಿತ ಬೋರ್ (ಅಂದ್ರೆ ಜನಸಾಮಾನ್ಯರಿಗೆ ಕೊಡದ ಅಳತೆಯ ನಳಿಕೆ), ಮಾಮೂಲಿ ಲೈಸೆನ್ಸ್ ಇದ್ರೂ ಅಂಗಡಿಗೆ ಹೋಗಿ ತಗೊಳ್ಳೋ ಹಾಗಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ್ಮೇಲೆ ನಿಷೇಧಿತ ಆಯುಧ ಅಕ್ರಮವಾಗಿ ಇಟ್ಕೊಂಡ್ರೆ ಕನಿಷ್ಠ ಏಳು ವರ್ಷ ಜೈಲು. ಇನ್‌ಸ್ಟಾಗ್ರಾಮ್‌ನಲ್ಲಿ ಪಿಸ್ತೂಲ್ ಫೋಟೋ ಹಾಕಿ ಅಡ್ವಾನ್ಸ್ ಕೇಳೋರ ಹಿಂದೆ ಯಾವ ಹುಡುಗ ಹೋಗ್ತಾನೋ ಯಾರಿಗ್ಗೊತ್ತು. ಪಿಸ್ತೂಲ್ ಶೂಟಿಂಗ್ ಇಷ್ಟ ಇರೋ ಮಕ್ಕಳಿಗೆ ರೈಫಲ್ ಅಸೋಸಿಯೇಷನ್ ರೇಂಜ್‌ನಲ್ಲಿ ಏರ್ ಪಿಸ್ತೂಲಿಂದ ಶುರು ಮಾಡೋ ದಾರಿ ಇದೆ, ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲ್ ಹಿಡಿದು 2016ರ ರಿಯೋ ಒಲಿಂಪಿಕ್ಸ್‌ವರೆಗೂ ಹೋಗಿದ್ರಲ್ಲ, ಅಂಥದ್ದನ್ನ ಬರೀರಿ.

ದಯವಿಟ್ಟು ಮುಂದಿನ ಭಾನುವಾರ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಿ, ಆ ಖರೀದಿ ಸಾಲನ್ನ ವೆಬ್‌ಸೈಟಿಂದ ಇವತ್ತೇ ತೆಗೀರಿ.

ಇಂತಿ,
ನಿಮ್ಮ ಹಳೇ ಓದುಗ, ವಿರಾಜಪೇಟೆ