ಶಾಲು ಬೇಡ, ಸಮಯ ಕೊಡಿ

ಮಾನ್ಯರೇ,

ಸಣ್ಣ ರಂಗಮಂದಿರ ನಡೆಸುವವರು ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರನ್ನೋ ಮಲೆ ಮಾದಪ್ಪನ ಕತೆ ಹಾಡುವ ದೇವರಗುಡ್ಡರನ್ನೋ ಕರೆಸಿ, ಅರ್ಧ ಗಂಟೆ ಹಾಡಿಸಿ, ಶಾಲು ಹೊದಿಸಿ ಕಳಿಸುವುದು ರೂಢಿಯಾಗಿದೆ. ಮಾದಪ್ಪನ ಕಾವ್ಯದ ಸಂಕಮ್ಮನ ಸಾಲು, ಅಂದರೆ ಅವಳ ಕತೆಯ ಭಾಗ, ಅದೊಂದಕ್ಕೇ ಗಂಟೆಗಟ್ಟಲೆ ಬೇಕು. ಸಂಜೆ ಆರಕ್ಕೆ ಶುರುಮಾಡಿ, ಒಂದು ಸಾಲನ್ನು ಎರಡು ಮೂರು ಸಂಜೆಗೆ ಹಂಚಿದರೆ ಕತೆ ಕೆಡುವುದಿಲ್ಲ. ಬಯಲಿನಲ್ಲಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಮೈಕಿನಲ್ಲಿ. ದೇವರಗುಡ್ಡರ ಕಂಚಿನ ತಾಳವಾದ ಕಂಸಾಳೆಯ ಎದುರಿಗೇ ಮೈಕಿಟ್ಟರೆ ಅದರ ಸದ್ದಿನಲ್ಲಿ ಮಾತೇ ಮುಚ್ಚಿಹೋಗುತ್ತದೆ. ಮುಖ್ಯ ಹಾಡುಗಾರರ ಬಾಯಿಂದ ಗೇಣು ದೂರಕ್ಕೆ ಒಂದು, ತಂಬೂರಿಯ ಬುರುಡೆ ಹತ್ತಿರ ಇನ್ನೊಂದು ಸಾಕು. ಹಿಮ್ಮೇಳಕ್ಕೆ ಅವರ ಗಂಟಲೇ ಮೈಕು. ಸ್ಪೀಕರ್ ಮೈಕಿಗಿಂತ ಮುಂದೆ, ಜನರ ಕಡೆಗೆ ತಿರುಗಿರಲಿ. ಹಿಂದಿಟ್ಟರೆ ಅದರ ಸದ್ದು ಮತ್ತೆ ಮೈಕಿಗೇ ಹೊಕ್ಕು ಕುಯ್ಯೆನ್ನುತ್ತದೆ. ಸಿಮೆಂಟು ಗೋಡೆಯ ಹಾಲ್‌ನಲ್ಲಿ ಹಿಂಭಾಗಕ್ಕೆ ಗೋಣಿತಾಟು ಇಳಿಬಿಡಿ, ಮಾರ್ದನಿ ತಗ್ಗುತ್ತದೆ. ತಗಡಿನ ಸೂರಿನ ಮೇಲೆ ಬೀಳುವ ಮಳೆಗೆ ಮಾತ್ರ ಮದ್ದಿಲ್ಲ. ಕುರ್ಚಿಗಿಂತ ಜಮಖಾನ ಮೇಲು: ಹಾಡಿಗೆ ದನಿಗೂಡಿಸಿ ಸೊಲ್ಲು ಕೊಡಲು ಜನ ಹತ್ತಿರ ಇರಬೇಕಲ್ಲ.

ಶಿವರಾತ್ರಿ, ಯುಗಾದಿ, ದೀಪಾವಳಿಗೆ ದೇವರಗುಡ್ಡರನ್ನು ಕರೆಯಬೇಡಿ, ಮಲೆ ಮಾದೇಶ್ವರ ಬೆಟ್ಟದಲ್ಲಿ ಜಾತ್ರೆ ಇರುತ್ತದೆ. ಸಂಭಾವನೆಯನ್ನು ಹಿಮ್ಮೇಳದವರ ಬಸ್ ಚಾರ್ಜು ಸೇರಿಸಿ ಅಂದೇ ರಾತ್ರಿ ಕೈಗೆ ಕೊಡಿ.

– ರಂಗಾಸಕ್ತರ ಬಳಗ, ಮಂಡ್ಯ