ನೀನು ಹಾಕಿದ ನಗುವಿನ ಬಗ್ಗೆ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನಿನ್ನ ಫೋನ್ ಚಾರ್ಜಿಗೆ ಹಾಕುವಾಗ ಕ್ಲಾಸಿನ ಗ್ರೂಪ್ ತೆರೆದೇ ಇತ್ತು. ಬಾಯಿಗೆ ತುತ್ತಿಡುತ್ತಿದ್ದ ಆ ಹುಡುಗಿಯ ಫೋಟೋ ಕತ್ತರಿಸಿ ಸ್ಟಿಕ್ಕರ್ ಮಾಡಿದ್ದರು. ಕೆಳಗೆ ಸಾಲಾಗಿ ನಗುವ ಇಮೋಜಿಗಳು. ಅದರಲ್ಲೊಂದು ನಿನ್ನದು.

ಕೇಳಿದ್ದಕ್ಕೆ, "ನಾನೇನೂ ಮಾಡಿಲ್ಲಮ್ಮ, ಎಲ್ಲರ ಜೊತೆ ನಕ್ಕೆ ಅಷ್ಟೇ" ಅಂದೆ. ಹಾಗಂತ ನಾನೂ ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಏಳನೇ ಕ್ಲಾಸಿನಲ್ಲಿ ನಮ್ಮ ಜೊತೆ ಒಬ್ಬಳಿದ್ದಳು, ಮಾತು ತೊದಲುತ್ತಿತ್ತು. ಹಾಜರಿ ಕರೆಯುವಾಗ "ಪ್ರೆಸೆಂಟ್ ಮಿಸ್" ಅನ್ನಬೇಕು. ಅವಳದು "ಪ್ರ... ಪ್ರ..." ಅಂತ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅವಳ ಹೆಸರು ಬರುವ ಮೊದಲೇ ಇಡೀ ಕ್ಲಾಸು ಸುಮ್ಮನಾಗಿ ಕಾಯುತ್ತಿತ್ತು, ನಗೋದಕ್ಕೆ. ಅವಳು ಬೆಂಚಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದರೆ ಉಗುರೆಲ್ಲ ಬಿಳಿಚಿಕೊಳ್ಳುತ್ತಿತ್ತು. ಪಕ್ಕದಲ್ಲೇ ಕೂತಿದ್ದ ನನಗೆ ಅದು ಕಾಣುತ್ತಿತ್ತು. ಆದರೂ ನಕ್ಕೆ. ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲೇ ಇಲ್ಲ.

ಅವಳಿಗೆ ಅಡ್ಡಹೆಸರಿಟ್ಟವನು ಒಬ್ಬನೇ. ನಾವು ಯಾರೂ ನಗದೇ ಇದ್ದಿದ್ದರೆ ಅವನು ಎಷ್ಟು ದಿನ ರೇಗಿಸುತ್ತಿದ್ದ ಹೇಳು?

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಎಂಬ ಸಂಶೋಧಕಿ ಹಿಡಿದದ್ದು ಇದನ್ನೇ. ಕಾಡುವವರು, ಕಾಡಿಸಿಕೊಳ್ಳುವವರು ಅಂತ ಇಬ್ಬರೇ ಇರುವುದಿಲ್ಲ. ಜೊತೆಗೂಡುವವರು, ನಕ್ಕು ಹುರಿದುಂಬಿಸುವವರು, ದೂರ ಸರಿದು ನಿಲ್ಲುವವರು, ಪರವಾಗಿ ನಿಲ್ಲುವವರೂ ಇರುತ್ತಾರೆ ಅಂತ ಅವರ ತಂಡ 1996ರಲ್ಲೇ ಬರೆಯಿತು. ಅದರ ಮೇಲೆ ಕಟ್ಟಿದ 'ಕಿವಾ' ಎಂಬ ಕಾರ್ಯಕ್ರಮ 2009ರಿಂದ ಆ ದೇಶದ ಬಹುತೇಕ ಶಾಲೆಗಳಿಗೆ ಹರಡಿತು. ಅಲ್ಲಿ ಕಾಡಿದವರನ್ನು ಕೂರಿಸಿ ಮಾತಾಡುವುದರ ಜೊತೆಗೆ, ಕ್ಲಾಸ್ ಟೀಚರು ಎರಡರಿಂದ ನಾಲ್ಕು ಮಕ್ಕಳನ್ನು ಕರೆದು, ನೊಂದ ಮಗುವಿನ ಜೊತೆಗಿರಿ ಅನ್ನುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದು. ಭಾಷಣ ಬೇಕಿಲ್ಲ, ಜಗಳ ಬೇಕಿಲ್ಲ, ಪಕ್ಕದಲ್ಲಿ ಕೂತರಾಯಿತು.

ಹಾಗೆ ಕೂತರೆ ನಿನ್ನನ್ನೂ ಆಡಿಕೊಳ್ಳುತ್ತಾರೆ ಅಂತ ನಿನಗೆ ಭಯ. ಇರಬಹುದು. ಆ ಭಯವನ್ನು ನಾನು ಸಣ್ಣದು ಅನ್ನುವುದಿಲ್ಲ. ಹಾಗಾದರೆ ನನ್ನ ಹತ್ತಿರ ಬಾ. ಯಾವತ್ತಾದರೂ ನನಗೂ ಹೇಳಲಾಗದಷ್ಟು ಕಷ್ಟ ಬಂದರೆ, ಮಕ್ಕಳ ಸಹಾಯವಾಣಿ 1098 ಇದೆ, ನೆನಪಿಟ್ಟುಕೋ.

ನಿನ್ನ ಟೀಚರ್ ಹತ್ತಿರ ನಾನು ಸೋಮವಾರ ಮಾತಾಡುತ್ತೇನೆ. ಸ್ಟಿಕ್ಕರ್ ಮಾಡಿದವರ ಬಗ್ಗೆ ಮಾತ್ರ ಅಲ್ಲ, ನಕ್ಕವರ ಬಗ್ಗೆಯೂ. ನಿನ್ನ ಹೆಸರು ಮುಚ್ಚಿಡುವುದಿಲ್ಲ. ಕೋಪ ಬಂದರೆ ನನ್ನ ಮೇಲೆ ತೋರಿಸು.

ಸ್ಟಿಕ್ಕರಿನ ಆ ಹುಡುಗಿ ಈಗ ಊಟದ ಡಬ್ಬಿ ತೆಗೆಯುವುದೇ ಇಲ್ಲ ಅಂತ ನೀನೇ ಹೇಳಿದೆಯಲ್ಲ. ಸೋಮವಾರ ಚಿತ್ರಾನ್ನ ಸ್ವಲ್ಪ ಜಾಸ್ತಿ ಕಟ್ಟಿರುತ್ತೇನೆ.

ನಿನ್ನ ಅಮ್ಮ